‘ವೃತ್ತಿ: ಕೃಷಿ’ ಎಂದು ಬರೆದ ಶಾಸಕರನ್ನು ಅರಿಯಲು ಯಾವ ಸೇವೆ ಎಷ್ಟು ಉಪಯೋಗ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹಿಡಿದು ಕುಮಟಾ, ಅಂಕೋಲಾದವರೆಗೆ ಚುನಾವಣೆಗೆ ನಿಲ್ಲುವ ಬಹಳ ಮಂದಿ ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ವೃತ್ತಿ ಕೃಷಿ ಎಂದು ಬರೆಯುತ್ತಾರೆ. ತೋಟದಲ್ಲೇ ಬೆಳೆದು ಸೊಸೈಟಿ, ಪಂಚಾಯ್ತಿ ಹಾದು ವಿಧಾನಸಭೆಗೆ ಹೋದವರೂ ಹಾಗೆ ಬರೆಯುತ್ತಾರೆ, ಅಜ್ಜನ ಹೆಸರಿನ ಪಹಣಿ ಮಾತ್ರ ಕೈಯಲ್ಲಿರುವವರೂ ಹಾಗೆಯೇ. ಇಬ್ಬರನ್ನೂ ಬೇರೆಬೇರೆಯಾಗಿ ನೋಡಲು ಬೇಕಾದ ದಾಖಲೆಗಳು ಇಂದು ಊರಲ್ಲೇ ಕೂತು ತೆರೆಯುವಷ್ಟು ಹತ್ತಿರದಲ್ಲಿವೆ. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್, ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶ, ಆಯೋಗದ ಫಲಿತಾಂಶ ವರದಿಗಳು, ವಿಧಾನಸಭೆಯ ಜಾಲತಾಣ, ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ. ರೈತರೊಬ್ಬರು ಶಾಸಕರಾದ ಮೇಲೆ ಏನು ಮಾಡಿದರು ಎಂದು ತಿಳಿಯಬಯಸುವ ಮತದಾರನಿಗೆ ಇವು ಎಷ್ಟರ ಮಟ್ಟಿಗೆ ದಾರಿ ತೋರಿಸುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದು ಈ ವಿಮರ್ಶೆಯ ವಿಷಯ.

ಮೊದಲು ಅಫಿಡವಿಟ್. ಸುಪ್ರೀಂ ಕೋರ್ಟ್‌ನ 2002 ಮತ್ತು 2003ರ ತೀರ್ಪುಗಳಿಂದ ಮತದಾರರಿಗೆ ಸಿಕ್ಕ ಹಕ್ಕು ಇದು. ನಮೂನೆ 26 ಎಂದು ಇದರ ಹೆಸರು. ಆಯೋಗದ ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಜಿಲ್ಲೆಯ ಆರು ಕ್ಷೇತ್ರಗಳ ಸಂಖ್ಯೆ ನೆನಪಿದ್ದರೆ ಕೆಲಸ ಬೇಗ: ಹಳಿಯಾಳ 76, ಕಾರವಾರ 77, ಕುಮಟಾ 78, ಭಟ್ಕಳ 79, ಶಿರಸಿ 80, ಯಲ್ಲಾಪುರ 81. ಪಟ್ಟಿಯಲ್ಲಿ ಒಬ್ಬರದೇ ಹೆಸರು ಎರಡು, ಮೂರು ಸಲ ಕಂಡರೆ ಗಾಬರಿ ಬೇಡ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಸ್ವೀಕೃತವಾದದ್ದನ್ನು ತೆರೆಯಿರಿ, ಅದರಲ್ಲೂ ಕೊನೆಯ ದಿನಾಂಕದ್ದನ್ನು ನೋಡಿ. ಮೊದಲಿನ ಪ್ರತಿಯಲ್ಲಿ ಖಾಲಿ ಬಿಟ್ಟ ಕಾಲಂ ತುಂಬಿಸಿ ಮತ್ತೆ ಕೊಟ್ಟಿರುವುದುಂಟು.

ಓದುವಾಗ ಮೊದಲ ಪುಟದಿಂದ ಶುರು ಮಾಡುವ ಬದಲು ನೇರ 7ನೇ ಕಲಮಿನ ‘ಬಿ’ ಭಾಗಕ್ಕೆ, ಅಂದರೆ ಸ್ಥಿರಾಸ್ತಿಗೆ ಹೋಗಿ. ಅಲ್ಲಿಯ ಮೊದಲ ಬಾಬ್ತು ಕೃಷಿ ಜಮೀನು. ಊರು, ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡದ್ದಾದರೆ ಕೊಂಡ ದಿನ ಮತ್ತು ಕೊಟ್ಟ ಬೆಲೆ, ಅಭಿವೃದ್ಧಿಗೆ ಹಾಕಿದ ಹಣ, ಈಗಿನ ಅಂದಾಜು ಬೆಲೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಅಭ್ಯರ್ಥಿಯದು, ಗಂಡ ಅಥವಾ ಹೆಂಡತಿಯದು, ಅವಿಭಕ್ತ ಕುಟುಂಬದ್ದು, ಅವಲಂಬಿತರದು ಎಂದು ಬೇರೆ ಬೇರೆ ಕಾಲಂ. ಘಟ್ಟದ ಮೇಲಿನ ಅಡಿಕೆ ಮನೆತನಗಳಲ್ಲಿ ಹಿಸ್ಸೆಯಾಗದ ಆಸ್ತಿ ಸಾಮಾನ್ಯ. ಅಂಥವರ ಸ್ವಂತ ಕಾಲಂ ‘ಇಲ್ಲ’ ಎಂದಿದ್ದು ಅವಿಭಕ್ತ ಕುಟುಂಬದ ಕಾಲಂನಲ್ಲಿ ಐದಾರು ಸರ್ವೆ ನಂಬರ್ ಇರಬಹುದು. ಸ್ವಂತ ಕಾಲಂ ಒಂದನ್ನೇ ನೋಡಿ ‘ಇವರಿಗೆ ಗುಂಟೆ ಜಾಗವೂ ಇಲ್ಲ, ಎಂಥ ರೈತ’ ಎಂದು ಹೇಳುವುದು ಅನ್ಯಾಯ.

ವಿಸ್ತೀರ್ಣದಲ್ಲಿ ಆಗುವ ತಪ್ಪೇ ದೊಡ್ಡದು. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂದು ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಪಹಣಿಯ 2-20-0 ಎಂದರೆ ಎರಡೂವರೆ ಎಕರೆ. ಅದನ್ನೇ ಅಫಿಡವಿಟ್‌ನಲ್ಲಿ 2.20 ಎಂದು ಟೈಪ್ ಮಾಡಿದರೆ ಓದುವವರು ದಶಾಂಶ ಎಂದುಕೊಳ್ಳುತ್ತಾರೆ. 3.38 ಎಂದಿದ್ದರೆ ಅದು ಮೂರೂ ಚಿಲ್ಲರೆ ಎಕರೆ ಅಲ್ಲ, ಎರಡು ಗುಂಟೆ ಕಡಿಮೆ ನಾಲ್ಕು ಎಕರೆ. ಬಿಂದುವಿನ ನಂತರದ ಅಂಕಿ ಎಲ್ಲಾ ಸಾಲುಗಳಲ್ಲೂ 39ನ್ನು ದಾಟದಿದ್ದರೆ ಅದು ಗುಂಟೆ ಎಂದೇ ಹಿಡಿಯಬೇಕು. ಒಂದು ಸಾಲಿನಲ್ಲಾದರೂ .65, .80 ಬಂದರೆ ಮಾತ್ರ ದಶಾಂಶ. ಇಂಗ್ಲಿಷ್‌ನಲ್ಲಿ ಸಾರಾಂಶ ಕೊಡುವ ‘ಮೈನೇತಾ’ ತಾಣ ಬಳಸುವವರು ಇದನ್ನು ಮರೆಯಬಾರದು. ಒಂದೇ ವ್ಯಕ್ತಿಯ ಬೇರೆ ಬೇರೆ ಚುನಾವಣೆಗಳ ಆಸ್ತಿಯನ್ನು ಪಕ್ಕಪಕ್ಕ ಇಟ್ಟು ನೋಡಲು ಅದರಷ್ಟು ಅನುಕೂಲದ ತಾಣ ಇನ್ನೊಂದಿಲ್ಲ. ಆದರೂ ಅದನ್ನು ಬಾಗಿಲೆಂದು ಬಳಸಿ, ಅಂಕಿಯನ್ನು ಮಾತ್ರ ಮೂಲ ಪ್ರತಿಯಿಂದಲೇ ತೆಗೆದುಕೊಳ್ಳಿ.

ಹೋಲಿಸುವಾಗ ರೂಪಾಯಿ ಬಿಟ್ಟು ಸರ್ವೆ ನಂಬರ್ ಹೋಲಿಸಬೇಕು. ‘ಐದು ವರ್ಷದಲ್ಲಿ ಆಸ್ತಿ ಮೂರು ಪಟ್ಟು’ ಎಂಬ ಸುದ್ದಿಯ ಹಿಂದೆ ಎಷ್ಟೋ ಸಲ ಅದೇ ತೋಟಕ್ಕೆ ಹಾಕಿದ ಹೊಸ ಅಂದಾಜು ಬೆಲೆಯಷ್ಟೇ ಇರುತ್ತದೆ. ಸರ್ವೆ ನಂಬರ್ ಹೊಸದಾಗಿ ಸೇರಿತೇ, ಹಳೆಯದು ಬಿಟ್ಟುಹೋಯಿತೇ, ಸೇರಿದ್ದು ಪಿತ್ರಾರ್ಜಿತವೋ ಖರೀದಿಯೋ, ಕೃಷಿ ಬಾಬ್ತಿನಲ್ಲಿದ್ದದ್ದು ಕೃಷಿಯೇತರಕ್ಕೆ ಹೋಯಿತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ರೈತ ಶಾಸಕರ ಹತ್ತು ವರ್ಷ ಕಣ್ಣ ಮುಂದೆ ಬರುತ್ತದೆ.

ಮುಂದಿನದು ಆದಾಯ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ರಿಟರ್ನ್ಸ್‌ನ ಕಾಲಂನಲ್ಲಿ ಕಡಿಮೆ ಅಂಕಿ ಇದ್ದರೆ ಅದರಲ್ಲೇ ಮೋಸ ಹುಡುಕಬೇಕಿಲ್ಲ. ಆದಾಯದ ಮೂಲ ಹೇಳುವ ಕಲಮನ್ನು ಅದರ ಜೊತೆ ಓದಿ. ತೋಟದ ಉತ್ಪನ್ನಕ್ಕೆ ಒಂದು ಅಂದಾಜು ಮನೆಯಲ್ಲೇ ಹಾಕಬಹುದು. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಹಾಕಿದರೆ ಎಕರೆಗೆ 537 ಗಿಡ ಕೂರುತ್ತದೆ. ಚೆನ್ನಾಗಿ ನೋಡಿಕೊಂಡ ತೋಟ ಎಕರೆಗೆ ಎಂಟು, ಹತ್ತು ಕ್ವಿಂಟಲ್ ಒಣ ಅಡಿಕೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಚಾಲಿಗೆ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದಕ್ಕೆ, ಕ್ವಿಂಟಲ್‌ಗೆ 40,000 ರೂಪಾಯಿ ಹಿಡಿದರೆ ಎರಡು ಎಕರೆಗೆ ಆರೂವರೆಯಿಂದ ಎಂಟು ಲಕ್ಷ. ಕೊನೆಗೌಡರ (ಮರ ಹತ್ತಿ ಅಡಿಕೆ ಕೊನೆ ಇಳಿಸುವವರ) ಕೂಲಿ, ಮದ್ದು, ಗೊಬ್ಬರ, ಸುಲಿತ ಎಲ್ಲ ಕಳೆದರೆ ಕೈಗೆ ಉಳಿಯುವುದು ಅದರಲ್ಲಿ ಒಂದು ಪಾಲು. ಕೊಳೆ ರೋಗ ಬಂದ ವರ್ಷ, ಎಲೆಚುಕ್ಕಿ ಹಬ್ಬಿದ ವರ್ಷ ಅದೂ ಇಲ್ಲ. ಎರಡು ಎಕರೆ ತೋರಿಸಿ ವರ್ಷಕ್ಕೆ ಮೂವತ್ತು, ನಲವತ್ತು ಲಕ್ಷ ಕೃಷಿ ಆದಾಯ ಎಂದು ಬರೆದಿದ್ದರೆ ಪ್ರಶ್ನೆ ಕೇಳಲು ಕಾರಣವಿದೆ. ಕರಾವಳಿಯಲ್ಲಿ ಇನ್ನೊಂದು ವಿಷಯ. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದರೆ ಅದು ಕೃಷಿ ಆದಾಯ. ಅದೇ ಗಜನಿಯಲ್ಲಿ ಸಿಗಡಿ ಸಾಕಿದರೆ ತೆರಿಗೆ ಕಾನೂನಿನ ಲೆಕ್ಕದಲ್ಲಿ ಕೃಷಿ ಆದಾಯವಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ‘ಕೃಷಿ’ ಎಂದು ಸೇರಿಸಿರುತ್ತಾರೆಯೇ ನೋಡಬೇಕು.

ಐದು ವರ್ಷದ ಆದಾಯ ತೋರಿಸುವ ಕಾಲಂ ಬಂದದ್ದು 2019ರ ತಿದ್ದುಪಡಿಯ ನಂತರ. ಅದಕ್ಕೂ ಹಿಂದಿನ ವಿಧಾನಸಭಾ ಚುನಾವಣೆಗಳ ಅಫಿಡವಿಟ್‌ನಲ್ಲಿ ಒಂದೇ ವರ್ಷದ ಅಂಕಿ ಇರುತ್ತದೆ. 2013ರದ್ದನ್ನೂ 2023ರದ್ದನ್ನೂ ಸಾಲಿಗೆ ಸಾಲು ಹೊಂದಿಸಲು ಹೋದರೆ ಹೊಂದುವುದಿಲ್ಲ. ಸುಳ್ಳು ಬರೆದರೆ ಜನಪ್ರಾತಿನಿಧ್ಯ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಜೈಲು ಎಂದಿದೆ. ಆದರೆ ಬರೆದದ್ದು ನಿಜವೋ ಎಂದು ಚುನಾವಣಾಧಿಕಾರಿ ಪಹಣಿ ಹಿಡಿದು ತಾಳೆ ನೋಡುವುದಿಲ್ಲ, ಕಾಲಂ ತುಂಬಿದೆಯೇ ಎಂದಷ್ಟೇ ನೋಡುತ್ತಾರೆ. ಈ ಸೇವೆಯ ದೊಡ್ಡ ಕೊರತೆ ಇದೇ. ತಾಳೆ ನೋಡುವ ಕೆಲಸ ಮತದಾರರ ಪಾಲಿಗೇ ಬಿಟ್ಟಿದೆ.

ಆ ಕೆಲಸಕ್ಕೆ ಭೂಮಿ ತಂತ್ರಾಂಶದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್, ಹಿಸ್ಸಾ ಕೊಟ್ಟರೆ ಪಹಣಿಯ ವಿವರ ಕಾಣುತ್ತದೆ. ಅಫಿಡವಿಟ್‌ನಲ್ಲಿ ಹೋಬಳಿ ಬರೆದಿರುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ಶಿರಸಿ ತಾಲೂಕಾದರೆ ಶಿರಸಿ, ಹುಲೇಕಲ್, ಬನವಾಸಿ, ಸಂಪಖಂಡ ಈ ನಾಲ್ಕನ್ನೂ ಒಂದೊಂದಾಗಿ ತೆರೆದು ಊರು ಹುಡುಕಿದರೆ ಸಿಗುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಯಾವ ಮ್ಯುಟೇಶನ್‌ನಿಂದ ಬಂತೆಂಬ ವಿವರ, 11ರಲ್ಲಿ ಸಾಲ ಮತ್ತು ಇತರ ಹಕ್ಕು. 11ನೇ ಕಾಲಂನ ಬ್ಯಾಂಕ್, ಸೊಸೈಟಿ ಬೋಜಾ (ಜಮೀನಿನ ಮೇಲಿನ ಸಾಲದ ದಾಖಲೆ) ಅಫಿಡವಿಟ್‌ನ ಸಾಲದ ಪಟ್ಟಿಯಲ್ಲೂ ಇರಬೇಕು. ತೀರಿಸಿದ ಸಾಲದ ಬೋಜಾ ಇಳಿಸದೆ ಬಿಡುವ ಅಭ್ಯಾಸ ನಮ್ಮ ಕಡೆ ಬಹಳ, ಹಾಗಾಗಿ ಪಹಣಿಯಲ್ಲಿದ್ದು ಅಫಿಡವಿಟ್‌ನಲ್ಲಿಲ್ಲದ ಸಾಲ ಎಂದ ಮಾತ್ರಕ್ಕೆ ಮುಚ್ಚಿಟ್ಟರೆಂದು ಅರ್ಥವಲ್ಲ.

ಬೆಟ್ಟದ ವಿಷಯದಲ್ಲಿ ಹೊರ ಜಿಲ್ಲೆಯವರು ಬರೆದ ವರದಿಗಳು ಮೇಲಿಂದ ಮೇಲೆ ತಪ್ಪುತ್ತವೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದಲ್ಲಿ ತೋಟಿಗನಿಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ಮಾಲೀಕತ್ವ ಅಲ್ಲ. ಎರಡು ಎಕರೆ ತೋಟದವರ ಸುತ್ತ ಹತ್ತಾರು ಎಕರೆ ಬೆಟ್ಟ ಇರಬಹುದು. ಅದನ್ನು ಸ್ವಂತ ಆಸ್ತಿ ಎಂದು ಕೂಡಿಸಿದರೂ ತಪ್ಪು, ಅಫಿಡವಿಟ್‌ನಲ್ಲಿ ತೋರಿಸಿಲ್ಲ ಎಂದು ದೂರಿದರೂ ತಪ್ಪು. ಅರಣ್ಯ ಅತಿಕ್ರಮಣದ್ದು ಬೇರೆಯೇ ಕಥೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸಾಗುವಳಿ ಇರಬೇಕು, ಬುಡಕಟ್ಟಿನವರಲ್ಲದವರು ಮೂರು ತಲೆಮಾರು ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಜಿಲ್ಲೆಯ ಸಾವಿರಾರು ಮನೆಗಳ ಬದುಕು ನಿಂತಿರುವುದು ಈ ಎರಡು ಸಾಲಿನ ಮೇಲೆ. ಶಾಸಕರು ರೈತರ ಪರವೋ ಎಂಬುದನ್ನು ಇಲ್ಲಿ ಅಳೆಯಬೇಕಾದದ್ದು ಈ ವಿಷಯದಲ್ಲಿ ಅವರು ಸದನದಲ್ಲಿ ಎಷ್ಟು ಸಲ, ಏನು ಕೇಳಿದರು ಎಂಬುದರಿಂದ.

ಸದನದ ದಾಖಲೆಗೆ ಹೋಗುವ ಮೊದಲು ಫಲಿತಾಂಶದ ದಾಖಲೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಯಾವ ಅವಧಿ ಹುಡುಕಬೇಕೆಂದೇ ತಿಳಿಯದು. ಆಯೋಗದ ಅಂಕಿಅಂಶ ವರದಿಗಳು ಮೊದಲ ಚುನಾವಣೆಯಿಂದಲೂ ಇವೆ, ಪುಕ್ಕಟೆ, ನಂಬಿಕೆಗೆ ಯೋಗ್ಯ. ಆದರೆ ಉತ್ತರ ಕನ್ನಡದವರಿಗೆ ಇವುಗಳಲ್ಲಿ ಮೂರು ತೊಡಕುಗಳಿವೆ. ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮೊದಲ ಚುನಾವಣೆಯಲ್ಲಿ ಗೆದ್ದವರನ್ನು ಮುಂಬಯಿ ವಿಧಾನಸಭೆಯ ಪಟ್ಟಿಯಲ್ಲಿ ಹುಡುಕಬೇಕು. 1957ರಿಂದ ಮೈಸೂರು ವಿಧಾನಸಭೆ, 1973ರ ನಂತರ ಕರ್ನಾಟಕ. ಎರಡನೆಯದು ಕ್ಷೇತ್ರ. ವಿಶ್ವೇಶ್ವರ ಹೆಗಡೆ ಕಾಗೇರಿಯವರು ಆರು ಸಲ ಶಾಸಕರಾದವರು. ಶಿರಸಿ ಎಂದು ಹುಡುಕಿದರೆ 2008, 2013, 2018 ಮಾತ್ರ ಸಿಗುತ್ತದೆ. 1994, 1999, 2004ರ ಗೆಲುವು ಅಂಕೋಲಾ ಕ್ಷೇತ್ರದ್ದು, ಆ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಮೂರನೆಯದು ಹೆಸರು. ನಮ್ಮ ಕಡೆ ಊರ ಹೆಸರು ಮನೆತನದ ಹೆಸರಿನಂತೆ ನಡೆಯುವುದರಿಂದ ಪಟ್ಟಿಗಳಲ್ಲಿ ಅದು ಒಮ್ಮೆ ಹಿಂದೆ, ಒಮ್ಮೆ ಮುಂದೆ. ಯಲ್ಲಾಪುರದಿಂದ ಗೆದ್ದ ಶಿವರಾಮ ಹೆಬ್ಬಾರರನ್ನು ಅವರ ಊರು ಅರಬೈಲ್‌ನ ‘ಅ’ ಅಕ್ಷರದಡಿಯೂ ನೋಡಬೇಕು. ಅವರ ದಾಖಲೆಗೆ 2019ರ ಡಿಸೆಂಬರ್‌ನ ಉಪಚುನಾವಣೆಯೂ ಸೇರುತ್ತದೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ, ಬೇರೆಯೇ ತೆರೆಯಬೇಕು. ದಿನಕರ ದೇಸಾಯಿಯವರಂತೆ ರೈತ ಹೋರಾಟದಿಂದ ಬಂದು 1967ರಲ್ಲಿ ಲೋಕಸಭೆಗೆ ಹೋದವರನ್ನು ವಿಧಾನಸಭೆಯ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಫಲಿತಾಂಶದ ದಾಖಲೆಗಳಲ್ಲಿ ಬೆಲೆ ಬಾಳುವುದು ನಮೂನೆ 20. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ ಸಿಗುವ ಇದು ಬೂತ್‌ವಾರು ಮತ ತೋರಿಸುತ್ತದೆ. 2023ರಲ್ಲಿ ಕುಮಟಾದ ಫಲಿತಾಂಶ 700ಕ್ಕೂ ಕಡಿಮೆ ಮತದ ಅಂತರದಲ್ಲಿ ತೀರ್ಮಾನವಾಯಿತು, ಶಿರಸಿಯದು ಸುಮಾರು 8,700ರ ಅಂತರದಲ್ಲಿ. ಇಂಥ ಕಡೆ ಯಾವ ಊರು ಯಾರ ಕೈ ಹಿಡಿಯಿತು ಎಂಬುದನ್ನು ನಮೂನೆ 20 ಬಿಟ್ಟು ಬೇರೆ ಯಾವುದೂ ಹೇಳುವುದಿಲ್ಲ. ಬೂತ್ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಆಯಾ ವರ್ಷದ ಮತಗಟ್ಟೆ ಪಟ್ಟಿ ಪಕ್ಕಕ್ಕಿಟ್ಟುಕೊಳ್ಳದೆ ಹೋಲಿಸಿದರೆ ಒಂದೂರಿನ ಮತ ಇನ್ನೊಂದೂರಿಗೆ ಹೋಗುತ್ತದೆ.

ಇನ್ನು ವಿಧಾನಸಭೆಯ ತಾಣ. ಸರಕಿನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಶ್ರೀಮಂತ, ಬಳಕೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟ. ಹಳೆಯ ನಡಾವಳಿಗಳು ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ‘ಅಡಿಕೆ’ ಎಂದು ಟೈಪ್ ಮಾಡಿ ಹುಡುಕಿದರೆ ಏನೂ ಬರುವುದಿಲ್ಲ. ಮೊದಲು ಶಾಸಕರ ಅವಧಿಯ ವಿಧಾನಸಭೆಯ ಕ್ರಮಸಂಖ್ಯೆ ಗೊತ್ತು ಮಾಡಿಕೊಳ್ಳಿ. 1994ರದ್ದು 10ನೆಯದು, 2008ರದ್ದು 13, 2013ರದ್ದು 14, 2018ರದ್ದು 15, ಈಗಿನದು 16. ಆಮೇಲೆ ಅಧಿವೇಶನ, ಆಮೇಲೆ ದಿನ. ಆ ದಿನದ ಕಾರ್ಯಕಲಾಪ ಪಟ್ಟಿಯಲ್ಲಿ ಶಾಸಕರ ಹೆಸರು ಯಾವ ಬಾಬ್ತಿನಲ್ಲಿದೆ ಎಂದು ನೋಡಿಕೊಂಡು ನಡಾವಳಿ ತೆರೆದರೆ ನೂರಾರು ಪುಟ ತಿರುವುವುದು ತಪ್ಪುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ನಿಯಮ 60ರದ್ದು ನಿಲುವಳಿ ಸೂಚನೆ, 69ರದ್ದು ಸಾರ್ವಜನಿಕ ಮಹತ್ವದ ಚರ್ಚೆ, 73ರದ್ದು ಗಮನ ಸೆಳೆಯುವ ಸೂಚನೆ. ರೈತ ಶಾಸಕರ ತೂಕ ತಿಳಿಯುವುದು ಉಪಪ್ರಶ್ನೆಗಳಲ್ಲಿ. ಬರೆದುಕೊಟ್ಟ ಪ್ರಶ್ನೆಯನ್ನು ಯಾರು ಬೇಕಾದರೂ ಓದಬಹುದು. ಮಂತ್ರಿಯ ಉತ್ತರಕ್ಕೆ ‘ಈ ಅಂಕಿ ಯಾವ ಹಂಗಾಮಿನದು’ ಎಂದು ಮರುಪ್ರಶ್ನೆ ಹಾಕಲು ಗದ್ದೆ ಗೊತ್ತಿರಬೇಕು.

ಪ್ರಶ್ನೆಗಳ ಸಂಖ್ಯೆ ಎಣಿಸಿ ಅಂಕ ಕೊಡುವವರು ಒಂದು ಮಾತು ಗಮನಿಸಬೇಕು. ಮಂತ್ರಿಗಳು, ಸ್ಪೀಕರ್ ಪ್ರಶ್ನೆ ಕೇಳುವುದಿಲ್ಲ. ಕಾಗೇರಿಯವರು 2008ರಿಂದ 2013ರವರೆಗೆ ಶಿಕ್ಷಣ ಮಂತ್ರಿ, 2019ರಿಂದ 2023ರವರೆಗೆ ಸ್ಪೀಕರ್. ಆ ವರ್ಷಗಳ ಖಾಲಿ ಕಾಲಂ ಸೋಮಾರಿತನದ ಗುರುತಲ್ಲ.

ಈ ಎಲ್ಲ ಸೇವೆಗಳನ್ನೂ ಒಂದೇ ವ್ಯಕ್ತಿಯ ಮೇಲೆ ಇಟ್ಟು ನೋಡಲು ಕೆ.ಎಸ್. ಪುಟ್ಟಣ್ಣಯ್ಯನವರ ರಾಜಕೀಯ ಬದುಕು ಒಳ್ಳೆಯ ಮಾದರಿ. ಮಂಡ್ಯ ಜಿಲ್ಲೆ ಪಾಂಡವಪುರ ತಾಲೂಕಿನ ಕ್ಯಾತನಹಳ್ಳಿಯವರು, ರೈತ ಸಂಘದಿಂದ ಬಂದವರು, 1994ರಲ್ಲಿ ಪಾಂಡವಪುರದಿಂದ ಗೆದ್ದರು. 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆದ್ದರು. 2018ರ ಫೆಬ್ರವರಿ 18ರಂದು ತೀರಿಕೊಂಡರು. ಕ್ಷೇತ್ರದ ಹೆಸರೇ ಬದಲಾದ್ದರಿಂದ ಮೇಲುಕೋಟೆ ಎಂದು ಹುಡುಕಿದರೆ ಮೊದಲ ಗೆಲುವು ಕಾಣುವುದಿಲ್ಲ. 1994ರ ಗೆಲುವಿಗೆ ಅಫಿಡವಿಟ್ ಎಂಬುದೇ ಇಲ್ಲ, ಆ ಪದ್ಧತಿ ಇನ್ನೂ ಬಂದಿರಲಿಲ್ಲ. ಆ ಅವಧಿಗೆ ಉಳಿಯುವುದು 10ನೇ ವಿಧಾನಸಭೆಯ ನಡಾವಳಿ ಮಾತ್ರ. 2013ರ ಅವಧಿಗೆ ಅಫಿಡವಿಟ್, ಬೂತ್‌ವಾರು ಮತ, 14ನೇ ವಿಧಾನಸಭೆಯ ನಡಾವಳಿ ಮೂರೂ ಇವೆ. 2023ರಲ್ಲಿ ಅದೇ ಕ್ಷೇತ್ರದಿಂದ ಮಗ ದರ್ಶನ್ ಪುಟ್ಟಣ್ಣಯ್ಯ ಗೆದ್ದಿದ್ದಾರೆ. ಹಾಗಾಗಿ ಎರಡು ತಲೆಮಾರಿನ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಟ್ಟು ಜಮೀನು ಹೇಗೆ ಕೈಬದಲಾಯಿತು ಎಂದು ಓದಬಹುದು. ಹಸಿರು ಶಾಲಿನ ಫೋಟೊಗಿಂತ ಇದು ಹೆಚ್ಚು ಹೇಳುತ್ತದೆ.

ಶಾಸಕರ ನಿಧಿಯ ಲೆಕ್ಕಕ್ಕೆ ಮಾಹಿತಿ ಹಕ್ಕೇ ದಾರಿ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಕಾಮಗಾರಿ ಶಿಫಾರಸು ಶಾಸಕರದು, ಮಂಜೂರಾತಿ ಜಿಲ್ಲಾಧಿಕಾರಿಯದು. ಅಂದರೆ ಶಿರಸಿಯವರೂ ಕಾರವಾರಕ್ಕೇ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ನಿಧಿಯ ಲೆಕ್ಕ, ಕೆರೆ ಹೂಳೆತ್ತಿದ್ದು, ರಸ್ತೆ ಎಂದು ಮೂರನ್ನೂ ಒಂದರಲ್ಲೇ ಕೇಳಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದವಕ್ಕೆ ಬೇರೆ ಅರ್ಜಿ ಹಾಕಲು ಹೇಳಬಹುದು. ‘ಇಂಥ ಕ್ಷೇತ್ರದ ಶಾಸಕರು ಇಂಥ ಆರ್ಥಿಕ ವರ್ಷದಲ್ಲಿ ಶಿಫಾರಸು ಮಾಡಿದ ಕಾಮಗಾರಿಗಳ ಪಟ್ಟಿ, ಮಂಜೂರಾದ ಮೊತ್ತ, ಖರ್ಚಾದ ಮೊತ್ತ’ ಎಂದು ಒಂದೇ ವರ್ಷ ಹಿಡಿದು ಕೇಳಿದರೆ ಪಟ್ಟಿ ಬರುತ್ತದೆ. ಅದರಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ), ಕಿಂಡಿ ಆಣೆಕಟ್ಟು, ಕೆರೆ ಎಷ್ಟು, ಸಮುದಾಯ ಭವನ ಎಷ್ಟು ಎಂದು ಎಣಿಸಿ ನೋಡಿ.

ಯಾವ ಜಾಲತಾಣವೂ ಮುಟ್ಟದ ಭಾಗ ಒಂದಿದೆ. ಈ ಜಿಲ್ಲೆಯಲ್ಲಿ ರೈತರ ರಾಜಕೀಯ ಹುಟ್ಟುವುದು ವಿಧಾನಸಭೆಯಲ್ಲಿ ಅಲ್ಲ, ಸೇವಾ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ. ನಿರ್ದೇಶಕ, ಅಧ್ಯಕ್ಷ, ಆಮೇಲೆ ಜಿಲ್ಲಾ ಬ್ಯಾಂಕ್, ಆಮೇಲೆ ಟಿಕೆಟ್. ಬೆಳೆಸಾಲ ಹೇಗೆ ಹಂಚಿದರು, ಸುಸ್ತಿ (ಗಡುವು ಮೀರಿದ ಸಾಲ) ಹೇಗೆ ವಸೂಲು ಮಾಡಿದರು ಎಂಬುದು ಆ ವ್ಯಕ್ತಿಯ ನಿಜವಾದ ಪರೀಕ್ಷೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸರ್ಕಾರದ ಗಣನೀಯ ಹಣ ಅಥವಾ ಹಿಡಿತ ಇಲ್ಲದ ಸಹಕಾರಿ ಸಂಘ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಕಾನೂನಿನಂತೆ ಸಂಘದಿಂದ ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯಿಂದ ಕೇಳಬಹುದು. ಅದಕ್ಕಿಂತ ಸುಲಭದ್ದು ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರಿಗೆ ಹಂಚುವ ವರದಿ ಪುಸ್ತಿಕೆ. ಲೆಕ್ಕಪರಿಶೋಧನೆಯ ವರ್ಗ, ಸುಸ್ತಿಯ ಪ್ರಮಾಣ, ಆಡಳಿತ ಮಂಡಳಿಯ ಹೆಸರು ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಮುಂದಿನ ಮಳೆಗಾಲಕ್ಕೆ ಒಲೆ ಹೊತ್ತಿಸಲು ಹೋಗುತ್ತದೆ. ಹತ್ತು, ಹದಿನೈದು ವರ್ಷದ ಪ್ರತಿಗಳು ಅಟ್ಟದ ಮೇಲೆ ಉಳಿದಿದ್ದರೆ ದಯವಿಟ್ಟು ಊರಿನ ಗ್ರಂಥಾಲಯಕ್ಕೆ ಕೊಡಿ.